ಟೊಮೆಟೊ ಗಿಡದ ಒಂದು ಎಲೆಯ ಸುದ್ದಿ ಇನ್ನೊಂದು ಎಲೆಗೆ ಹೇಗೆ ಮುಟ್ಟುತ್ತದೆ?

(ಕೋಲಾರದಲ್ಲಿ ರೈತರು ಮತ್ತು ಪದವಿ ಓದುವ ಮಕ್ಕಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂತ ಕೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇನೆ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹಳ ಜನ ಟೊಮೆಟೊ ಬೆಳೆದವರು, ಇಲ್ಲವೇ ಬೆಳೆಯುವವರ ಮನೆಯ ಮಕ್ಕಳು. ಹಾಗಾಗಿ ಟೊಮೆಟೊದಿಂದಲೇ ಶುರು ಮಾಡುತ್ತೇನೆ. ಗಿಡದ ಕೆಳಗಿನ ಒಂದು ಎಲೆಯನ್ನು ಹುಳು ಕಡಿಯುತ್ತಿದೆ ಅಂತ ಇಟ್ಟುಕೊಳ್ಳಿ. ಬರೀ ಒಂದೇ ಎಲೆ. ಮೇಲಿನ ಎಲೆಗಳ ಹತ್ತಿರ ಹುಳು ಇನ್ನೂ ಸುಳಿದೂ ಇಲ್ಲ. ಕೆಲವು ಗಂಟೆ ಬಿಟ್ಟು ಮೇಲಿನ ಎಲೆಯೊಂದನ್ನು ಕಿತ್ತು ಪರೀಕ್ಷೆ ಮಾಡಿದರೆ, ಮುಂಚೆ ಇಲ್ಲದ ಒಂದು ಪ್ರೋಟೀನ್ ಅದರಲ್ಲಿ ತುಂಬಿಕೊಂಡಿರುತ್ತದೆ. ಆ ಪ್ರೋಟೀನಿನ ಕೆಲಸ ಏನು ಗೊತ್ತಾ? ಎಲೆ ತಿಂದ ಹುಳುವಿನ ಹೊಟ್ಟೆಯಲ್ಲಿ ಆಹಾರ ಅರಗಿಸುವ ಕಿಣ್ವಗಳಿವೆಯಲ್ಲ, ಅವುಗಳಿಗೆ ಅಡ್ಡ ಕೂರುವುದು. ಹುಳು ತಿನ್ನುತ್ತದೆ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಇದನ್ನು 1972ರಲ್ಲಿ ಮೊದಲು ತೋರಿಸಿದವರು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ ಮತ್ತು ಅವರ ಜೊತೆಗಾರ ಗ್ರೀನ್. ಟೊಮೆಟೊ ಮತ್ತು ಆಲೂಗೆಡ್ಡೆ ಗಿಡದ ಮೇಲೆ ಮಾಡಿದ ಪ್ರಯೋಗ. ಕಡಿಸಿಕೊಂಡ ಎಲೆ ಎಚ್ಚರ ಆಗಿದ್ದರೆ ಅದರಲ್ಲಿ ದೊಡ್ಡ ಆಶ್ಚರ್ಯ ಇರಲಿಲ್ಲ. ಕಡಿಸಿಕೊಳ್ಳದ ಎಲೆಯೂ ಎಚ್ಚರ ಆಯಿತು, ಅದೇ ದೊಡ್ಡ ವಿಷಯ. ಅಂದರೆ ಕೆಳಗಿನಿಂದ ಮೇಲಕ್ಕೆ ಏನೋ ಒಂದು ಸುದ್ದಿ ಹೋಯಿತು. ಏನು ಹೋಯಿತು, ಯಾವ ದಾರಿಯಲ್ಲಿ ಹೋಯಿತು, ಯಾರು ಓದಿಕೊಂಡರು? ಈ ಮೂರು ಪ್ರಶ್ನೆಗಳ ಹಿಂದೆ ಐವತ್ತು ವರ್ಷದಿಂದ ಜನ ಬಿದ್ದಿದ್ದಾರೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಈ ಸುದ್ದಿಯ ಕಥೆಯನ್ನೇ. ಜೊತೆಗೆ ಇನ್ನೊಂದು ಮಾತು. ನೀವು ತೋಟದಲ್ಲಿ ದಿನಾ ಮಾಡುವ ಎಷ್ಟೋ ಕೆಲಸ, ಕುಡಿ ಚಿವುಟುವುದು, ಡ್ರಿಪ್ ಬಿಡುವುದು, ಹಣ್ಣಿಗೆ ಹಾಕುವುದು, ದ್ರಾಕ್ಷಿ ಗೊನೆಯನ್ನು ಹಾರ್ಮೋನ್ ನೀರಿಗೆ ಅದ್ದುವುದು, ಇವೆಲ್ಲ ಗಿಡದ ಒಳಗೆ ಓಡಾಡುವ ಸುದ್ದಿಯ ನಡುವೆ ನೀವು ಕೈ ಹಾಕುವುದೇ ಆಗಿದೆ. ಎಲ್ಲಿ ಕೈ ಹಾಕುತ್ತಿದ್ದೇವೆ ಅಂತ ಗೊತ್ತಿದ್ದರೆ ಒಳ್ಳೆಯದಲ್ವಾ?

ಮೊದಲು ದಾರಿ ನೋಡೋಣ. ಗಿಡಕ್ಕೆ ನರ ಇಲ್ಲ, ಮಿದುಳು ಇಲ್ಲ, ರಕ್ತ ಓಡಿಸಲು ಹೃದಯ ಇಲ್ಲ. ಎರಡು ಬಗೆಯ ಕೊಳವೆಗಳಿವೆ. ಕ್ಸೈಲಂ ಬೇರಿನಿಂದ ನೀರು, ಉಪ್ಪಿನಂಶ ಮೇಲಕ್ಕೆ ತರುತ್ತದೆ. ಅದರ ಜೀವಕೋಶಗಳು ಸತ್ತು ಬರೀ ಗೋಡೆ ಉಳಿದಿರುತ್ತದೆ. ಫ್ಲೋಯಂ ಹಾಗಲ್ಲ, ಅದು ಜೀವಂತ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೆ, ಕಾಯಿಗೆ, ಕುಡಿಗೆ, ಎಲ್ಲಿ ಬೇಕೋ ಅಲ್ಲಿಗೆ ಒಯ್ಯುತ್ತದೆ. ಇದಲ್ಲದೆ ಪಕ್ಕಪಕ್ಕದ ಜೀವಕೋಶಗಳ ಗೋಡೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ವಠಾರದ ಮನೆಗಳ ನಡುಗೋಡೆಯಲ್ಲಿ ಒಂದೊಂದು ಕಿಂಡಿ ಬಿಟ್ಟ ಹಾಗೆ. ಸಣ್ಣಪುಟ್ಟ ವಸ್ತುಗಳು ಆ ಕಿಂಡಿಯಲ್ಲೇ ಕೈ ಬದಲಾಗುತ್ತವೆ. ಇಷ್ಟೇ ಗಿಡದ ಒಳಗಿನ ರಸ್ತೆಗಳು. ಇವುಗಳ ಮೂಲಕವೇ ರಾಸಾಯನಿಕ ಸುದ್ದಿಯೂ ಹೋಗಬೇಕು, ವಿದ್ಯುತ್ ಸುದ್ದಿಯೂ ಹೋಗಬೇಕು. ಹೌದು, ವಿದ್ಯುತ್ ಅಂದೆ. ಅದಕ್ಕೆ ಬರುತ್ತೇನೆ.

ರಯಾನ್ ತಂಡ ಬಿಡಲಿಲ್ಲ. 1991ರಲ್ಲಿ ಟೊಮೆಟೊ ಎಲೆಗಳಿಂದ 18 ಅಮೈನೋ ಆಮ್ಲಗಳ ಒಂದು ಪುಟ್ಟ ಸರವನ್ನು ಹೊರತೆಗೆದರು. ಹೆಸರು ಸಿಸ್ಟಮಿನ್. ಅತಿ ಕಡಿಮೆ ಕೊಟ್ಟರೂ ಸಾಕು, ಗಿಡ ಪೂರ್ತಿ ಎಚ್ಚರ ಆಗುತ್ತಿತ್ತು. ಸುದ್ದಿ ಒಯ್ಯುವವನು ಸಿಕ್ಕಿಬಿಟ್ಟ ಅಂತ ಎಲ್ಲರೂ ಅಂದುಕೊಂಡರು. ಆಮೇಲೆ ಕಥೆ ತಿರುಗಿತು. ತಿರುಗಿಸಿದ್ದು ಏನು ಅಂದರೆ, ನಮ್ಮ ನರ್ಸರಿಯವರು ದಿನಾ ಮಾಡುವ ಕಸಿ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪ್ರಯೋಗ ತುಂಬಾ ಚೆನ್ನಾಗಿದೆ. ಗಾಯ ಆದಾಗ ಗಿಡದಲ್ಲಿ ಜಾಸ್ಮೋನಿಕ್ ಆಮ್ಲ ಅಂತ ಒಂದು ಹಾರ್ಮೋನ್ ಹುಟ್ಟುತ್ತದೆ. 2002ರಲ್ಲಿ ಗ್ರೆಗ್ ಹೋ ಅವರ ತಂಡದ ಹತ್ತಿರ ಎರಡು ಬಗೆಯ ಕೊರತೆ ಇದ್ದ ಟೊಮೆಟೊ ಗಿಡಗಳಿದ್ದವು. ಒಂದು ಬಗೆಗೆ ಆ ಹಾರ್ಮೋನ್ ತಯಾರಿಸಲು ಬರುವುದಿಲ್ಲ, ಆದರೆ ಹೊರಗಿನಿಂದ ಬಂದರೆ ಗುರುತಿಸುತ್ತದೆ. ಇನ್ನೊಂದಕ್ಕೆ ತಯಾರಿಸಲು ಬರುತ್ತದೆ, ಗುರುತಿಸಲು ಬರುವುದಿಲ್ಲ. ಇವನ್ನು ಕೆಳಗೆ ಮೇಲೆ ಅದಲುಬದಲು ಮಾಡಿ ಕಸಿ ಕಟ್ಟಿದರು. ಕೆಳಗಿನ ಭಾಗಕ್ಕೆ ಗಾಯ ಮಾಡಿ ಮೇಲಿನ ಭಾಗದ ಎಲೆ ಪರೀಕ್ಷಿಸಿದರು. ಕೆಳಗಡೆ ತಯಾರಿಸುವ ಶಕ್ತಿ ಇರಬೇಕು, ಮೇಲ್ಗಡೆ ಗುರುತಿಸುವ ಶಕ್ತಿ ಇರಬೇಕು, ಆಗ ಮಾತ್ರ ಮೇಲಿನ ಎಲೆ ಎಚ್ಚರ ಆಯಿತು. ಉಲ್ಟಾ ಕಟ್ಟಿದರೆ ಏನೂ ಆಗಲಿಲ್ಲ. ಸಿಸ್ಟಮಿನ್ ಕೆಲಸ ಗಾಯದ ಹತ್ತಿರದಲ್ಲೇ, ಜಾಸ್ಮೋನಿಕ್ ಆಮ್ಲದ ತಯಾರಿಕೆಗೆ ಚುರುಕು ಮುಟ್ಟಿಸುವುದು ಅಂತ ಆಗ ಗೊತ್ತಾಯಿತು. ಒಂದು ಚಾಕು, ಒಂದು ಕ್ಲಿಪ್ಪು, ಸರಿಯಾದ ಪ್ರಶ್ನೆ. ಇಷ್ಟರಲ್ಲೇ ಹತ್ತು ವರ್ಷದ ನಂಬಿಕೆ ಬದಲಾಯಿತು. ವಿಜ್ಞಾನ ಅಂದರೆ ದೊಡ್ಡ ದೊಡ್ಡ ಯಂತ್ರ ಅಂತ ತಿಳಿದಿರುವ ಮಕ್ಕಳಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

ಈಗ ವಿದ್ಯುತ್ ವಿಷಯಕ್ಕೆ ಬರೋಣ.

ಮುಟ್ಟಿದರೆ ಮುನಿ ಗಿಡ ನೀವೆಲ್ಲ ನೋಡಿದ್ದೀರಿ. ಆದರೆ ಸುಮ್ನೆ ಮುಟ್ಟಿ ನಕ್ಕು ಹೋಗಬೇಡಿ, ಒಂದು ಸಲ ಕೂತು ನೋಡಿ. ತುದಿಯ ಒಂದು ಜೊತೆ ಎಲೆಯನ್ನು ಮೆಲ್ಲಗೆ ಮುಟ್ಟಿ. ಅದು ಮಡಚಿಕೊಳ್ಳುತ್ತದೆ. ಅದರ ಹಿಂದಿನ ಜೊತೆ, ಅದರ ಹಿಂದಿನದು, ಹೀಗೆ ಒಂದೊಂದಾಗಿ ಬುಡದ ಕಡೆಗೆ ಮಡಚುತ್ತಾ ಬರುತ್ತವೆ. ಸುದ್ದಿ ಹೋಗುವುದು ಕಣ್ಣಿಗೇ ಕಾಣುತ್ತದೆ! ಆಮೇಲೆ ಒಂದು ಕ್ಷಣ ತಡೆದು ಎಲೆಯ ಇಡೀ ತೊಟ್ಟು ಕೆಳಗೆ ಬೀಳುತ್ತದೆ. ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಉಬ್ಬು ಇದೆ. ಆ ಉಬ್ಬಿನ ಕೆಳಭಾಗದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ, ಬಿಗಿ ಸಡಿಲ ಆಗಿ ತೊಟ್ಟು ಜೋತು ಬೀಳುತ್ತದೆ. ಇನ್ನು ಎಲೆಯ ತುದಿಗೆ ಬೆಂಕಿಕಡ್ಡಿ ಬಿಸಿ ತಾಗಿಸಿದರೆ ಮುಟ್ಟಿದ್ದಕ್ಕಿಂತ ದೂರಕ್ಕೆ ಸುದ್ದಿ ಹೋಗುತ್ತದೆ, ಕಾಂಡ ದಾಟಿ ಬೇರೆ ಎಲೆಗಳೂ ಮಡಚುತ್ತವೆ. ಮುಟ್ಟಿದ್ದು ಬೇರೆ, ಗಾಯ ಬೇರೆ ಅಂತ ಗಿಡದಲ್ಲೇ ವ್ಯತ್ಯಾಸ ಇದೆ.

ಇದನ್ನು ಅಳೆದವರು ನಮ್ಮ ಜಗದೀಶ್ ಚಂದ್ರ ಬೋಸ್. ಮೊದಲು ರೇಡಿಯೊ ಅಲೆಗಳ ಮೇಲೆ ಕೆಲಸ ಮಾಡಿದ ಭೌತಶಾಸ್ತ್ರಜ್ಞ, ಆಮೇಲೆ ಗಿಡಗಳ ಕಡೆ ತಿರುಗಿದವರು, 1917ರಲ್ಲಿ ಕಲ್ಕತ್ತದಲ್ಲಿ ಬೋಸ್ ಸಂಸ್ಥೆ ಕಟ್ಟಿದವರು. ಅತಿ ಸೂಕ್ಷ್ಮ ಉಪಕರಣಗಳನ್ನು ತಾವೇ ಮಾಡಿಸಿಕೊಂಡು, ಈ ಗಿಡದಲ್ಲಿ ವಿದ್ಯುತ್ ಸಂಕೇತ ಓಡುತ್ತದೆ, ಅದು ಫ್ಲೋಯಂ ದಾರಿಯಲ್ಲೇ ಹೆಚ್ಚು ಓಡುತ್ತದೆ ಅಂತ ತೋರಿಸಿದರು. ಅವರಿಗಿಂತ ಮುಂಚೆ, 1873ರಲ್ಲೇ, ಇಂಗ್ಲೆಂಡಿನಲ್ಲಿ ಬರ್ಡನ್ ಸ್ಯಾಂಡರ್ಸನ್ ಅನ್ನುವವರು ನೊಣ ಹಿಡಿಯುವ ವೀನಸ್ ಗಿಡದಲ್ಲಿ ವಿದ್ಯುತ್ ಅಳೆದಿದ್ದರು. ಆದರೆ ಆಗಿನ ಬಹಳ ವಿಜ್ಞಾನಿಗಳು, ಇದೆಲ್ಲ ಓಡಾಡುವ ಒಂದೆರಡು ವಿಚಿತ್ರ ಗಿಡಗಳಿಗೆ ಸೀಮಿತ ಅಂತ ಬದಿಗಿಟ್ಟರು. ಬೋಸ್ ಹಾಗೆ ಒಪ್ಪಲಿಲ್ಲ. ಸಾಮಾನ್ಯ ಗಿಡಗಳಲ್ಲೂ ಇದೆ ಅಂತ ಪಟ್ಟು ಹಿಡಿದರು. 1916ರಲ್ಲಿ ಇಟಲಿಯ ರಿಕ್ಕಾ ಇನ್ನೊಂದು ಪ್ರಯೋಗ ಮಾಡಿದ. ಮುಟ್ಟಿದರೆ ಮುನಿಯ ಕಾಂಡವನ್ನು ಕತ್ತರಿಸಿ ನಡುವೆ ನೀರು ತುಂಬಿದ ಕೊಳವೆ ಸೇರಿಸಿದ. ಆದರೂ ಸುದ್ದಿ ದಾಟಿತು! ನೀರಿನಲ್ಲಿ ಕರಗುವ ಯಾವುದೋ ವಸ್ತು ಹೋಗುತ್ತಿದೆ ಅಂತ ಅವನ ವಾದ. ಬೋಸ್ ವಿದ್ಯುತ್ ಅಂದರು, ರಿಕ್ಕಾ ರಸಾಯನ ಅಂದ. ಇವತ್ತು ನೋಡಿದರೆ ಇಬ್ಬರ ಕೈಯಲ್ಲೂ ಸತ್ಯದ ಒಂದೊಂದು ತುದಿ ಇತ್ತು. ಬೋಸ್ ಅವರಿಗೆ ಈ ವಿಷಯದಲ್ಲಿ ಸಲ್ಲಬೇಕಾದ ಗೌರವ ತಡವಾಗಿ ಸಂದಿದೆ ಅನ್ನುವುದು ನನ್ನ ಅಭಿಪ್ರಾಯ.

ಟೊಮೆಟೊದಲ್ಲೂ ವಿದ್ಯುತ್ ಇದೆ ಅಂತ 1992ರಲ್ಲಿ ತೋರಿಸಿದರು. 2013ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಎಡ್ವರ್ಡ್ ಫಾರ್ಮರ್ ಅವರ ತಂಡ, ಎಲೆಯಿಂದ ಎಲೆಗೆ ಈ ವಿದ್ಯುತ್ ಸಂಕೇತ ದಾಟಲು ಯಾವ ಜೀನ್‌ಗಳು ಬೇಕು ಅಂತ ಕಂಡುಹಿಡಿಯಿತು. ಅವು ಗ್ಲುಟಮೇಟ್ ಅನ್ನುವ ವಸ್ತುವನ್ನು ಗುರುತಿಸುವ ಪ್ರೋಟೀನ್‌ಗಳ ಜೀನ್‌ಗಳು. ಗ್ಲುಟಮೇಟ್ ಅಂದರೆ ಯಾವುದು? ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್‌ನಲ್ಲಿ ಇರುವುದು ಅದೇ. ನಮ್ಮ ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದೂ ಅದೇ. ನರವೇ ಇಲ್ಲದ ಗಿಡ ಅದೇ ವಸ್ತುವನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿದೆ.

2018ರಲ್ಲಿ ಇದನ್ನು ಕಣ್ಣಾರೆ ನೋಡುವ ಹಾಗಾಯಿತು. ಜಪಾನಿನ ಮಸತ್ಸುಗು ತೊಯೊತಾ ಮತ್ತು ಅಮೆರಿಕದ ಸೈಮನ್ ಗಿಲ್ರಾಯ್ ಸೇರಿ, ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದ ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿದರೆ ಮಿನುಗುವ ಪ್ರೋಟೀನ್ ಸೇರಿಸಿದರು. ವಿಡಿಯೊದಲ್ಲಿ ಹುಳು ಒಂದು ಎಲೆಯ ಬುಡ ಕಡಿಯುತ್ತದೆ. ಕಡಿದ ಜಾಗ ಫಕ್ಕನೆ ಬೆಳಗುತ್ತದೆ. ಆ ಬೆಳಕು ಎಲೆಯ ನಡುವಿನ ಕೊಳವೆಗಳ ಗೆರೆಗುಂಟ ಹರಿದು, ಗಿಡದ ನಡುಭಾಗಕ್ಕೆ ಬಂದು, ಅಲ್ಲಿಂದ ಬೇರೆ ಎಲೆಗಳಿಗೆ ಹೊರಡುತ್ತದೆ. ವೇಗ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್. ನಮ್ಮ ಮೈಯ ಅತಿ ಚುರುಕಿನ ನರಗಳಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ, ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಗಿಡಕ್ಕೆ ಓಡಿ ಹೋಗುವ ಅಗತ್ಯ ಇಲ್ಲವಲ್ಲ. ಒಂದೆರಡು ನಿಮಿಷದಲ್ಲಿ ದೂರದ ಎಲೆಗೆ ಮುಟ್ಟಿದರೆ ಸಾಕು. ಅಲ್ಲಿ ಜಾಸ್ಮೋನಿಕ್ ಆಮ್ಲ ಹುಟ್ಟಲು ಶುರುವಾಗುತ್ತದೆ. ಗ್ಲುಟಮೇಟ್ ಗುರುತಿಸುವ ಆ ಜೀನ್‌ಗಳಿಲ್ಲದ ಗಿಡದಲ್ಲಿ ಬೆಳಕು ದೂರಕ್ಕೆ ಹರಡಲಿಲ್ಲ. ಎರಡೂ ಸೇರಿದಾಗ ಚಿತ್ರ ಸರಿಹೋಯಿತು. ವಿದ್ಯುತ್ತು, ಕ್ಯಾಲ್ಸಿಯಂ, ಹಾರ್ಮೋನು ಬೇರೆ ಬೇರೆ ಸುದ್ದಿಗಳಲ್ಲ, ಒಂದೇ ಸುದ್ದಿಯ ಹಂತಗಳು.

ಇಲ್ಲಿ ಒಂದು ಗಮನಿಸಿ. ಸುದ್ದಿ ಎಲ್ಲೋ ಒಂದು ಮುಖ್ಯ ಜಾಗಕ್ಕೆ ಹೋಗಿ, ಅಲ್ಲಿ ತೀರ್ಮಾನ ಆಗಿ, ಅಪ್ಪಣೆ ವಾಪಸ್ ಬರುವುದಿಲ್ಲ. ಸುದ್ದಿ ಮುಟ್ಟಿದ ಎಲೆಯೇ ತನ್ನ ಮಟ್ಟಕ್ಕೆ ಏನು ಮಾಡಬೇಕೋ ಅದನ್ನು ಮಾಡುತ್ತದೆ. ಅರ್ಧ ಗಿಡ ದನ ತಿಂದರೂ ಉಳಿದರ್ಧ ಬದುಕುವುದು ಇದರಿಂದಲೇ. ಮಿದುಳಿದ್ದಿದ್ದರೆ ಆ ಮಿದುಳಿದ್ದ ತುಂಡು ದನದ ಬಾಯಿಗೆ ಹೋದ ದಿನವೇ ಗಿಡದ ಕಥೆ ಮುಗಿಯುತ್ತಿತ್ತು.

ಇನ್ನು ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ಮಣ್ಣು ಒಣಗಿದರೆ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚುತ್ತದೆ. ಅವು ಎಲೆಯ ಮೇಲಿನ ಸಣ್ಣ ಬಾಯಿಗಳು, ಗಾಳಿ ಒಳಗೆ ಬರುವುದೂ ನೀರು ಆವಿಯಾಗಿ ಹೋಗುವುದೂ ಅಲ್ಲೇ. ಎಲೆಗೆ ನೀರು ಕಡಿಮೆ ಬಂತು, ಅದಕ್ಕೇ ಮುಚ್ಚಿತು ಅಂತ ಯಾರಾದರೂ ಹೇಳುತ್ತಾರೆ. ಅದೊಂದೇ ಅಲ್ಲ. 1990ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸೇಬಿನ ಸಸಿಯ ಬೇರನ್ನು ಎರಡು ಪಾಲು ಮಾಡಿ ಎರಡು ಕುಂಡಗಳಲ್ಲಿ ಇಟ್ಟರು. ಒಂದು ಕುಂಡಕ್ಕೆ ನೀರು ಬಿಟ್ಟರು, ಇನ್ನೊಂದನ್ನು ಒಣಗಲು ಬಿಟ್ಟರು. ಹಸಿ ಬೇರಿನಿಂದ ಎಲೆಗೆ ನೀರು ಸಿಗುತ್ತಲೇ ಇದೆ. ಆದರೂ ಎಲೆಯ ಬೆಳವಣಿಗೆ ಕುಂಠಿತ ಆಯಿತು. ಆಮೇಲೆ ಒಣಗಿದ ಬೇರನ್ನು ಕತ್ತರಿಸಿ ಹಾಕಿದರು. ಅಂದರೆ ಗಿಡಕ್ಕೆ ಈಗ ಬೇರು ಇನ್ನೂ ಕಡಿಮೆ. ಆದರೆ ಎಲೆ ಮತ್ತೆ ಬೆಳೆಯಲು ಶುರು ಮಾಡಿತು! ಒಣ ಬೇರು ಬದುಕಿದ್ದಷ್ಟು ದಿನ ಮೇಲಕ್ಕೆ ಬರಗಾಲದ ಸುದ್ದಿ ಕಳಿಸುತ್ತಿತ್ತು, ಕತ್ತರಿಸಿದ ಮೇಲೆ ಸುದ್ದಿ ನಿಂತಿತು. ಈ ಪ್ರಯೋಗವನ್ನು ಮೊದಲು ಓದಿದಾಗಿನ ಸಂತೋಷ ನನಗೆ ಇನ್ನೂ ಹೋಗಿಲ್ಲ.

ಪತ್ರರಂಧ್ರ ಮುಚ್ಚಿಸುವ ಹಾರ್ಮೋನಿಗೆ ಅಬ್ಸಿಸಿಕ್ ಆಮ್ಲ ಅಂತ ಹೆಸರು. ಅದನ್ನು ಬೇರು ತಯಾರಿಸಿ ಮೇಲೆ ಕಳಿಸುತ್ತದೆ ಅಂತ ಬಹಳ ಕಾಲ ನಂಬಿದ್ದರು. ಮತ್ತೆ ಟೊಮೆಟೊ ಕಸಿಯೇ ಬೇರೆ ದಾರಿ ತೋರಿಸಿತು. ಆ ಹಾರ್ಮೋನ್ ಸರಿಯಾಗಿ ತಯಾರಿಸಲಾಗದ ಬೇರಿನ ಮೇಲೆ ಒಳ್ಳೆಯ ಕಾಂಡ ಕಟ್ಟಿದರೆ, ಮಣ್ಣು ಒಣಗಿದಾಗ ಎಲೆ ಎಂದಿನಂತೆ ಬಾಯಿ ಮುಚ್ಚಿತು. ಅಂದರೆ ಬೇರು ಬೇರೇನೋ ಕಳಿಸುತ್ತದೆ, ಹಾರ್ಮೋನನ್ನು ಎಲೆ ತಾನೇ ತಯಾರಿಸಿಕೊಳ್ಳುತ್ತದೆ. 2018ರಲ್ಲಿ ಜಪಾನಿನವರು ಅರಾಬಿಡಾಪ್ಸಿಸ್‌ನಲ್ಲಿ ಆ 'ಬೇರೇನೋ' ಒಂದನ್ನು ಹಿಡಿದರು. ಸಿಎಲ್‌ಇ25 ಅನ್ನುವ ಪುಟ್ಟ ಪೆಪ್ಟೈಡ್, ಅಂದರೆ ಸಿಸ್ಟಮಿನ್‌ನಂತೆ ಅಮೈನೋ ಆಮ್ಲಗಳ ಸಣ್ಣ ಸರ, ಬೇರಿನಿಂದ ಎಲೆಗೆ ಹೋಗಿ ಅಲ್ಲಿ ಅಬ್ಸಿಸಿಕ್ ಆಮ್ಲ ತಯಾರಿಸುವ ಕೆಲಸ ಶುರು ಮಾಡಿಸುತ್ತದೆ.

ಆಸ್ಟ್ರೇಲಿಯಾದ ದ್ರಾಕ್ಷಿ ತೋಟದವರು ಇದನ್ನು ಉಪಯೋಗಿಸಿಕೊಂಡರು. ಸಾಲಿನ ಎರಡೂ ಬದಿಗೆ ಡ್ರಿಪ್ ಎಳೆದು, ಕೆಲವು ದಿನ ಒಂದು ಬದಿಗೆ ಮಾತ್ರ ನೀರು, ಆಮೇಲೆ ಇನ್ನೊಂದು ಬದಿಗೆ. ಒಂದು ಬದಿಯ ಬೇರಿನಿಂದ ನೀರು, ಇನ್ನೊಂದು ಬದಿಯ ಬೇರಿನಿಂದ ಎಚ್ಚರಿಕೆ. ಬಳ್ಳಿ ಅನಗತ್ಯ ಚಿಗುರು ಬಿಡುವುದು ಕಡಿಮೆ ಆಯಿತು, ನೀರು ಸುಮಾರು ಅರ್ಧ ಸಾಕಾಯಿತು, ಇಳುವರಿ ಅಷ್ಟಾಗಿ ಇಳಿಯಲಿಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರು ಇದನ್ನು ಕೇಳಿ ನಾಳೆಯೇ ಇಡೀ ತೋಟಕ್ಕೆ ಮಾಡಬೇಡಿ. ನಿಮ್ಮ ಮಣ್ಣು ಬೇರೆ, ಬಳ್ಳಿ ಬೇರೆ. ಒಂದೆರಡು ಸಾಲಿನಲ್ಲಿ ಮಾಡಿ ನೋಡಿ, ನೋಡಿದ್ದನ್ನು ಬರೆದಿಡಿ.

ಚಿಕ್ಕಬಳ್ಳಾಪುರ ಅಂದೆ, ಸೇವಂತಿಗೆ ನೆನಪಾಯಿತು. ಸೇವಂತಿಗೆ ಸಸಿಯ ತುದಿ ಚಿವುಟುತ್ತೀರಿ, ಪಕ್ಕದಿಂದ ನಾಲ್ಕಾರು ಕುಡಿ ಒಡೆಯುತ್ತವೆ, ಹೂವು ಜಾಸ್ತಿ. ಯಾಕೆ? ತುದಿಯಿಂದ ಕೆಳಕ್ಕೆ ಆಕ್ಸಿನ್ ಅನ್ನುವ ಹಾರ್ಮೋನ್ ಇಳಿಯುತ್ತಿರುತ್ತದೆ, ಅದು ಇರುವ ತನಕ ಪಕ್ಕದ ಮೊಗ್ಗುಗಳು ಸುಮ್ಮನಿರುತ್ತವೆ ಅಂತ 1930ರ ದಶಕದಲ್ಲೇ ತೋರಿಸಿದ್ದರು. ತುದಿ ಕತ್ತರಿಸಿ ಆ ಜಾಗಕ್ಕೆ ಆಕ್ಸಿನ್ ಹಚ್ಚಿದರೆ ಮೊಗ್ಗು ಒಡೆಯಲಿಲ್ಲ. ಆದರೆ ಒಂದು ಲೆಕ್ಕ ಸರಿ ಬರುತ್ತಿರಲಿಲ್ಲ. ಆಕ್ಸಿನ್ ಇಳಿಯುವುದು ಗಂಟೆಗೆ ಸುಮಾರು 1 ಸೆಂಟಿಮೀಟರ್ ಮಾತ್ರ. ತುದಿ ಚಿವುಟಿದ ಕೆಲವೇ ಗಂಟೆಗಳಲ್ಲಿ ಬಹಳ ಕೆಳಗಿನ ಮೊಗ್ಗೂ ಊದಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಅಲ್ಲಿ ಆಕ್ಸಿನ್ ಕಡಿಮೆಯೇ ಆಗಿರುವುದಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಕ್ರಿಸ್ಟೀನ್ ಬೆವರಿಜ್ ಅವರ ತಂಡ ಬಟಾಣಿ ಗಿಡದಲ್ಲಿ ಉತ್ತರ ತೋರಿಸಿತು. ತುದಿ ಅನ್ನುವುದು ಸಕ್ಕರೆಯನ್ನು ಎಳೆದುಕೊಳ್ಳುವ ಜಾಗ. ಅದು ಹೋದರೆ ಫ್ಲೋಯಂನಲ್ಲಿ ಸಕ್ಕರೆ ಕೆಳಗಿನ ಮೊಗ್ಗುಗಳಿಗೆ ತಿರುಗುತ್ತದೆ, ಬೇಗ ತಿರುಗುತ್ತದೆ. ಮೊಗ್ಗನ್ನು ಮೊದಲು ಎಬ್ಬಿಸುವುದು ಆ ಸಕ್ಕರೆಯೇ. ಸಕ್ಕರೆ ಆಹಾರವೂ ಹೌದು, ಸುದ್ದಿಯೂ ಹೌದು.

ಸೇವಂತಿಗೆಗೆ ಇನ್ನೊಂದು ದೊಡ್ಡ ಗೌರವ ಇದೆ. ರಾತ್ರಿ ಉದ್ದ ಆದಾಗ ಹೂ ಬಿಡುವ ಗಿಡ ಅದು. ಅದಕ್ಕೇ ಪಾಲಿಹೌಸ್‌ನವರು ರಾತ್ರಿ ಬಲ್ಬ್ ಹಾಕಿ ಹೂವನ್ನು ಮುಂದೂಡುತ್ತಾರೆ. 1930ರ ದಶಕದಲ್ಲಿ ಸೋವಿಯತ್ ರಷ್ಯಾದ ಚೈಲಾಖ್ಯಾನ್ ಸೇವಂತಿಗೆಯ ತುದಿಯ ಎಲೆ ಕಿತ್ತು ಬೋಳು ಮಾಡಿ, ಕೆಳಗಿನ ಎಲೆಗಳಿಗೆ ಮಾತ್ರ ಉದ್ದ ರಾತ್ರಿ ಕೊಟ್ಟ. ಹೂವು ಬೋಳು ತುದಿಯಲ್ಲಿ ಬಂತು. ರಾತ್ರಿ ಅಳೆಯುವುದು ಎಲೆ, ಹೂ ಬಿಡುವುದು ತುದಿ, ನಡುವೆ ಒಂದು ಸುದ್ದಿ ಹೋಗಲೇಬೇಕು ಅಂದ. ಅದಕ್ಕೆ ಫ್ಲೋರಿಜೆನ್ ಅಂತ ಹೆಸರನ್ನೂ ಇಟ್ಟ. ಎಪ್ಪತ್ತು ವರ್ಷ ಅದು ಯಾರ ಕೈಗೂ ಸಿಗಲಿಲ್ಲ. 2007ರಲ್ಲಿ ಅರಾಬಿಡಾಪ್ಸಿಸ್ ಮತ್ತು ಭತ್ತದಲ್ಲಿ ಸಿಕ್ಕಿತು. ಎಫ್‌ಟಿ ಅನ್ನುವ ಒಂದು ಪ್ರೋಟೀನ್, ಭತ್ತದಲ್ಲಿ ಅದರ ಸೋದರ ಪ್ರೋಟೀನ್, ಎಲೆಯಲ್ಲಿ ಹುಟ್ಟಿ ಫ್ಲೋಯಂ ಮೂಲಕ ತುದಿಗೆ ಹೋಗುತ್ತದೆ.

ಆಕ್ಸಿನ್ ಬಗ್ಗೆ ಒಂದು ಎಚ್ಚರಿಕೆಯ ಮಾತು. ರಾಗಿ ಹೊಲದಲ್ಲಿ ಕಳೆಗೆ ಹೊಡೆಯುವ 2,4-ಡಿ ಕೂಡ ಆಕ್ಸಿನ್‌ನಂತೆ ನಟಿಸುವ ವಸ್ತುವೇ. ಅಗಲ ಎಲೆಯ ಗಿಡಕ್ಕೆ ಅದು ಮಿತಿ ಮೀರಿದ ಸುದ್ದಿ, ಗಿಡ ತಿರುಚಿಕೊಂಡು ಸಾಯುತ್ತದೆ. ಟೊಮೆಟೊ, ದ್ರಾಕ್ಷಿ ಎರಡಕ್ಕೂ ಇದು ಬಹಳ ಬೇಗ ತಾಗುತ್ತದೆ. ಗಾಳಿಯಲ್ಲಿ ಸ್ವಲ್ಪ ತೇಲಿ ಬಂದರೂ ಎಲೆ ಸಣ್ಣಗಾಗಿ ಮುದುರುತ್ತದೆ, ಅದನ್ನು ವೈರಸ್ ರೋಗ ಅಂದುಕೊಂಡು ಔಷಧಿ ಅಂಗಡಿಗೆ ಓಡುವುದೂ ಉಂಟು. ಗಾಳಿ ಬೀಸುವ ಹೊತ್ತಲ್ಲಿ ದಯವಿಟ್ಟು ಹೊಡೆಯಬೇಡಿ. ಒಂದೇ ಪಂಪಿನಲ್ಲಿ ಕಳೆನಾಶಕವನ್ನೂ ಟೊಮೆಟೊ ಔಷಧಿಯನ್ನೂ ಹೊಡೆಯಬೇಡಿ.

ಗೊನೆ ಅದ್ದುವುದು, ಹಣ್ಣು ಮಾಡುವುದು ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಬೀಜ ಇರುವ ದ್ರಾಕ್ಷಿಯಲ್ಲಿ ಬೀಜವೇ ಜಿಬ್ಬರೆಲಿನ್ ಅನ್ನುವ ಹಾರ್ಮೋನ್ ಕಳಿಸಿ ಕಾಯಿ ದಪ್ಪ ಮಾಡಿಸುತ್ತದೆ. ಬೀಜ ಇಲ್ಲದ ತಳಿಗೆ ಆ ಸುದ್ದಿ ಕಡಿಮೆ, ಅದಕ್ಕೇ ಗೊನೆ ಅದ್ದಿ ಹೊರಗಿನಿಂದ ಜಿಎ, ಅಂದರೆ ಜಿಬ್ಬರೆಲಿನ್, ಕೊಡುತ್ತೀರಿ. ಇನ್ನು ಶ್ರೀನಿವಾಸಪುರದ ಮಾವು. ಹಣ್ಣಾಗುವ ಸುದ್ದಿ ಎಥಿಲೀನ್ ಅನ್ನುವ ಅನಿಲ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಅದು ಹೊರಗೆ ಹೋಗದೆ ಎಲ್ಲ ಕಾಯಿಗೂ ತಾಗುತ್ತದೆ. ಕಾರ್ಬೈಡ್ ಕೊಡುವುದು ಅಸಿಟಿಲೀನ್, ಎಥಿಲೀನನ್ನು ಅರೆಬರೆ ಹೋಲುವ ಅನಿಲ, ಜೊತೆಗೆ ಆರ್ಸೆನಿಕ್, ರಂಜಕದ ಅಂಶಗಳೂ ಇರುತ್ತವೆ. ಕಾನೂನಿನಲ್ಲಿ ಅದಕ್ಕೆ ನಿಷೇಧ ಇದೆ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲಿನವರೆಗೆ, ಅನುಮತಿ ಇದೆ. ಕಾರ್ಬೈಡ್ ಹಾಕಿದ ಹಣ್ಣನ್ನು ನಮ್ಮದೇ ಮಕ್ಕಳು ತಿನ್ನುತ್ತಾರೆ, ಇದಕ್ಕಿಂತ ಜಾಸ್ತಿ ಹೇಳುವುದು ಬೇಡ.

ಆಮೇಲೆ ಪ್ರಶ್ನೆಗಳು ಬಂದವು.

ಬಿ.ಎಸ್ಸಿ. ಓದುವ ಒಬ್ಬ ಹುಡುಗಿ ಕೇಳಿದಳು: "ಸಾರ್, ಹಾಗಾದ್ರೆ ಗಿಡಕ್ಕೆ ನೋವಾಗುತ್ತಾ?"

ಇಲ್ಲಮ್ಮ, ಹಾಗೆ ಹೇಳಲು ಆಧಾರ ಇಲ್ಲ. ಸುದ್ದಿ ಹೋಗುವುದು ಬೇರೆ, ಅದನ್ನು ಅನುಭವಿಸುವುದು ಬೇರೆ. ಆಪರೇಷನ್ ಮಾಡುವಾಗ ಪೂರ್ತಿ ಅರಿವಳಿಕೆ ಕೊಟ್ಟ ಮನುಷ್ಯನ ಮೈಯಲ್ಲೂ ಗಾಯದ ಸಂಕೇತಗಳು ಓಡಾಡುತ್ತವೆ, ಆದರೆ ಅವನಿಗೆ ನೋವು ಗೊತ್ತಾಗುವುದಿಲ್ಲ. ನೋವು ಅಂತ ಅನ್ನಿಸಲು ಬೇಕಾದ ಮಿದುಳಿನಂಥ ಏರ್ಪಾಡು ಗಿಡದಲ್ಲಿ ಕಂಡಿಲ್ಲ. ಗಿಡಕ್ಕೂ ಮನಸ್ಸಿದೆ ಅಂತ ಹೇಳಿದರೆ ಕೇಳಲು ಚೆಂದ, ಆದರೆ ಗಿಡ ನಿಜವಾಗಿ ಮಾಡುವ ಕೆಲಸ ಅದಕ್ಕಿಂತ ಚೆಂದ ಇದೆ, ಅದನ್ನೇ ಓದು.

ಮಾಲೂರಿನ ಕಡೆಯ ಒಬ್ಬ ಹಿರಿಯರು: "ಗಿಡ ಕೂಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು ಮೇಷ್ಟ್ರೇ. ನಿಜಾನಾ?"

ಶಬ್ದ ಬರುವುದು ನಿಜ, ಯಜಮಾನರೇ. ಕೂಗು ಅನ್ನುವುದು ಸೇರಿಸಿದ್ದು. 2023ರಲ್ಲಿ ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಲೀಲಾಖ್ ಹಡಾನಿ ಅವರ ತಂಡ ಟೊಮೆಟೊ ಮತ್ತು ತಂಬಾಕು ಗಿಡದ ಪಕ್ಕ ಮೈಕ್ ಇಟ್ಟು ಕೇಳಿತು. ನೀರಿಲ್ಲದ ಗಿಡ, ಕಾಂಡ ಕತ್ತರಿಸಿದ ಗಿಡ ಟಿಕ್ ಟಿಕ್ ಅನ್ನುತ್ತಿತ್ತು, ಟೊಮೆಟೊ ಗಂಟೆಗೆ ಸರಾಸರಿ 25ರಿಂದ 35 ಸಲ, ತಂಬಾಕು 11ರಿಂದ 15 ಸಲ. ಆರಾಮಾಗಿದ್ದ ಗಿಡ ಗಂಟೆಗೆ ಒಂದು ಸಲವೂ ಇಲ್ಲ. ಅದು ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಶಬ್ದ. ಬಹುಶಃ ಕ್ಸೈಲಂ ಕೊಳವೆಯಲ್ಲಿ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ಒಡೆಯುವಾಗ ಬರುವ ಸದ್ದು. ಗಿಡ ಯಾರಿಗೋ ಹೇಳಲೆಂದು ಮಾಡುತ್ತಿದೆ ಅಂತ ಅರ್ಥ ಅಲ್ಲ. ಆದರೆ ಮುಂದೆ ಪಾಲಿಹೌಸ್‌ನಲ್ಲಿ ಮೈಕ್ ಇಟ್ಟು ಯಾವ ಸಾಲಿಗೆ ನೀರು ಬೇಕು ಅಂತ ತಿಳಿಯುವ ದಿನ ಬರಬಹುದು.

ಒಬ್ಬ ಯುವ ರೈತ: "ಆ ಜಾಸ್ಮೋನಿಕ್ ಆಸಿಡ್ಡನ್ನೇ ಹೊಡೆದ್ರೆ ಗಿಡ ತಾನೇ ಕಾಪಾಡ್ಕೊಳಲ್ವಾ ಅಣ್ಣ? ಔಷಧಿ ದುಡ್ಡು ಉಳೀತಲ್ಲ."

ಒಳ್ಳೆಯ ಪ್ರಶ್ನೆ, ತಮ್ಮ. ಆದರೆ ಗಿಡಕ್ಕೆ ಎಚ್ಚರ ಇರುವುದೂ ಖರ್ಚು. ಇಯಾನ್ ಬಾಲ್ಡ್‌ವಿನ್ ಅನ್ನುವವರು ಕಾಡು ತಂಬಾಕಿನ ಮೇಲೆ ಮಾಡಿ 1998ರಲ್ಲಿ ಪ್ರಕಟಿಸಿದರು. ಜಾಸ್ಮೋನೇಟ್, ಅಂದರೆ ಜಾಸ್ಮೋನಿಕ್ ಆಮ್ಲದ್ದೇ ಒಂದು ರೂಪ, ಕೊಟ್ಟ ಗಿಡಕ್ಕೆ ಹುಳು ಬಿದ್ದಿದ್ದರೆ ಲಾಭ. ಹುಳು ಬೀಳದೇ ಇದ್ದರೆ, ಕೊಡದ ಗಿಡಕ್ಕಿಂತ ಬೀಜ ಕಡಿಮೆ. ಕಾಯಿಗೆ ಹೋಗಬೇಕಾದ ಶಕ್ತಿ ಕಾವಲಿಗೆ ಹೋಯಿತು. ಗಿಡ ಗಾಯ ಆಗುವ ತನಕ ಕಾಯುವುದು ಸೋಮಾರಿತನ ಅಲ್ಲ, ಲೆಕ್ಕಾಚಾರ.

ಕೊನೆಗೆ ಮುಳಬಾಗಿಲು ಕಡೆಯ ಒಬ್ಬ ತಾಯಿ ಕೇಳಿದರು: "ಒಂದು ಗಿಡದ ಸುದ್ದಿ ಪಕ್ಕದ ಗಿಡಕ್ಕೂ ಹೋಗುತ್ತಾ? ಬಿಳಿ ನೊಣ ಒಂದು ಮೂಲೇಲಿ ಶುರುವಾದ್ರೆ ಎಲ್ಲಾ ಕಡೆ ಬಂದುಬಿಡುತ್ತಲ್ಲ."

ಹೋಗುತ್ತದಮ್ಮ, ಗಾಳಿಯಲ್ಲಿ ಹೋಗುತ್ತದೆ. 1990ರಲ್ಲೇ ರಯಾನ್ ಮತ್ತು ಫಾರ್ಮರ್, ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಬೇರೆ ಜಾತಿಯ ಗಿಡದ ಕೊಂಬೆ ಇಟ್ಟು, ಅದರ ವಾಸನೆಗೇ ಟೊಮೆಟೊ ಎಚ್ಚರ ಆಗುವುದನ್ನು ತೋರಿಸಿದ್ದರು. ಆದರೆ ನೀವು ಕೇಳಿದ ಬಿಳಿ ನೊಣದ ವಿಷಯ ಉಲ್ಟಾ ಇದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಳಿ ನೊಣ ಕೂತ ಟೊಮೆಟೊ ಗಿಡ ಬಿಡುವ ವಾಸನೆ ಪಕ್ಕದ ಗಿಡವನ್ನು ತಪ್ಪು ಕಾವಲಿಗೆ ಹಚ್ಚುತ್ತದೆ ಅಂತ ಕಂಡಿದ್ದಾರೆ. ರೋಗಾಣು ಬಂದಾಗ ಏಳಬೇಕಾದ ಸ್ಯಾಲಿಸಿಲಿಕ್ ಆಮ್ಲದ ಕಾವಲು ಏಳುತ್ತದೆ, ಹುಳುವಿಗೆ ಬೇಕಾದ ಜಾಸ್ಮೋನಿಕ್ ಕಾವಲು ತಗ್ಗುತ್ತದೆ. ನೊಣ ಅಲ್ಲಿಗೆ ಬರುವ ಮುಂಚೆಯೇ ಪಕ್ಕದ ಗಿಡ ಅದರ ಮರಿಗಳಿಗೆ ಅನುಕೂಲ ಆಗಿಬಿಟ್ಟಿರುತ್ತದೆ. ಆದ್ದರಿಂದ ಮೂಲೆಯಲ್ಲಿ ನಾಲ್ಕೇ ಗಿಡ ಅಂತ ಬಿಡಬೇಡಿ. ಪ್ರೋಟ್ರೇ ಸಸಿಗಳನ್ನು ಸಣ್ಣ ಕಣ್ಣಿನ, 40ರಿಂದ 50 ಮೆಶ್ ನೈಲಾನ್ ಬಲೆಯೊಳಗೇ ಬೆಳೆಸಿ, ನರ್ಸರಿಯಿಂದ ತರುವಾಗ ಬಲೆ ಹರಿದಿದೆಯಾ ನೋಡಿ, ನೆಟ್ಟ ದಿನದಿಂದಲೇ ಹಳದಿ ಅಂಟು ಬಲೆ ಕಟ್ಟಿ. ಬಿಳಿ ನೊಣ ಹರಡುವ ವೈರಸ್‌ನಿಂದ ಎಲೆ ಮುದುರಿದ ಗಿಡ ಕಂಡರೆ ಕಿತ್ತು ಚೀಲದೊಳಗೆ ಹಾಕಿಕೊಂಡು ಹೊಲದಿಂದ ಆಚೆ ಒಯ್ಯಿರಿ, ಬದುವಿನ ಮೇಲೆ ಎಸೆಯಬೇಡಿ.